ಗೀರಿದ ಕಣ್ಣುಗಳ ಬೆನ್ನು ಹತ್ತಿ

ಹೋದ ತಿಂಗಳು ನಾಗಮಂಗಲದ ಕಡೆಯ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಕಣ್ಣಿನ ಆಸ್ಪತ್ರೆಯ ಸಂಶೋಧನಾ ವಿಭಾಗಕ್ಕೆ ಹೊಸದಾಗಿ ಸೇರಿದವಳು. ಕಾಫಿ ಕುಡಿಯುತ್ತಾ, “ಸಾರ್, ಫಾಲೋಅಪ್ ಅಂದ್ರೆ ಫೋನ್ ಮಾಡಿ ಕೇಳೋದಷ್ಟೇ ಅಲ್ವಾ?” ಎಂದಳು. ಅವಳು ಹೋದ ಮೇಲೆ ಇದನ್ನು ಬರೆಯಲು ಕುಳಿತೆ.

ನಾನು ಕಣ್ಣಿನ ಡಾಕ್ಟರಲ್ಲ. ಸರ್ಕಾರಿ ಕಾಗದದಲ್ಲಿ ನೇತ್ರ ಸಹಾಯಕ. ಪಾಂಡವಪುರದಲ್ಲಿ ಕೆಲಸ ಮಾಡುತ್ತಿದ್ದವನನ್ನು ತೊಂಬತ್ತರ ದಶಕದ ನಡುವೆ ಮೈಸೂರಿನ ಒಂದು ಕಣ್ಣಿನ ಆಸ್ಪತ್ರೆಗೆ ಎರವಲು ಕೊಟ್ಟರು. ಅಲ್ಲಿ ಕಣ್ಣಿನ ಬಾಗನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯ ಮೇಲೆ ಒಂದು ಸಂಶೋಧನೆ ಶುರುವಾಗಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ರೋಗಿಗಳು ನನ್ನ ಪಾಲಿಗೆ ಬಂದರು. ಆಸ್ಪತ್ರೆಯಲ್ಲಿ ಅವರ ಕಣ್ಣು ಅಳೆಯುವುದು, ಹೇಳಿದ ದಿನಕ್ಕೆ ಅವರು ಬರದಿದ್ದರೆ ಲೂನಾ ಹತ್ತಿ ಊರಿಗೇ ಹೋಗಿ ನೋಡಿಕೊಂಡು ಬರುವುದು, ಇಷ್ಟು ನನ್ನ ಕೆಲಸ. ಚೀಲದಲ್ಲಿ ಅಕ್ಷರದ ಬೋರ್ಡು ಇರುತ್ತಿದ್ದರಿಂದ ಹಳ್ಳಿಯವರು ನನಗೆ ‘ಕಣ್ ಮೇಷ್ಟ್ರು’ ಎಂದು ಹೆಸರಿಟ್ಟರು. ನಾನು ಮೇಷ್ಟ್ರಲ್ಲ ಎಂದು ಮೊದಮೊದಲು ಹೇಳುತ್ತಿದ್ದೆ, ಆಮೇಲೆ ಬಿಟ್ಟುಬಿಟ್ಟೆ.

ಆ ಶಸ್ತ್ರಚಿಕಿತ್ಸೆಯ ವಿಷಯ ಸರಳವಾಗಿ ಹೇಳುತ್ತೇನೆ. ಕಣ್ಣಿನ ಮುಂದಿರುವ ಗಾಜಿನಂಥ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ಅದು ಎಲ್ಲ ಕಡೆಗೂ ಒಂದೇ ಸಮ ದುಂಡಗಿರಬೇಕು. ಕೆಲವರಲ್ಲಿ ಚಮಚದ ಬೆನ್ನಿನ ಹಾಗೆ ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ, ಇನ್ನೊಂದು ದಿಕ್ಕಿಗೆ ಕಡಿಮೆ. ಆಗ ದೀಪಕ್ಕೆ ಬಾಲ ಬರುತ್ತದೆ, ಒಂದು ಗೆರೆ ಎರಡಾಗುತ್ತದೆ. ಹುಟ್ಟಿನಿಂದ ಹೀಗಿರುವವರು ಇದ್ದಾರೆ. ನಮ್ಮ ಬಳಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಪೊರೆ ಆಪರೇಷನ್ನಿನ ಹೊಲಿಗೆ ಬಿಗಿಯಾಗಿಯೋ, ಸತ್ತವರ ಕಣ್ಣು ಕಸಿ ಮಾಡಿದ ಮೇಲೆ ಹೊಲಿಗೆ ಎಳೆದೋ ಬಾಗು ಕೆಟ್ಟವರು. ಹೆಚ್ಚು ಬಾಗಿದ ಕಡೆ ವಜ್ರದ ಚಾಕುವಿನಲ್ಲಿ ಕೂದಲೆಳೆಯಷ್ಟು ಗೀರಿದರೆ ಆ ಕಡೆ ಸಡಿಲವಾಗಿ ಬಾಗು ಸಮಕ್ಕೆ ಬರುತ್ತದೆ. ಬರೀ ಗೀರಿದರೆ ಸಾಕೇ, ಗೀರಿದ ಜೊತೆಗೆ ಅಡ್ಡ ದಿಕ್ಕಿಗೆ ಎಳೆದು ಬಿಗಿಯುವ ಒಂದು ಹೊಲಿಗೆ ಹಾಕಬೇಕೇ, ಯಾವುದರ ಫಲ ಹೆಚ್ಚು ದಿನ ನಿಲ್ಲುತ್ತದೆ? ಇದು ಸಂಶೋಧನೆಯ ಪ್ರಶ್ನೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತಿತ್ತು.

ಈಗ ಕಣ್ಣಿನ ಮುಂದೆ ಯಂತ್ರ ಇಟ್ಟರೆ ಬಾಗಿನ ಬಣ್ಣದ ನಕ್ಷೆಯೇ ಬರುತ್ತದೆ. ಆಗ ಬಾಗು ಅಳೆಯಲು ಇದ್ದದ್ದು ಕೆರಟೋಮೀಟರು. ರೋಗಿಯ ಗದ್ದವನ್ನು ಅದರ ಪಟ್ಟಿಯ ಮೇಲೆ ಇಡಿಸಿ, ಅವರ ಕಣ್ಣಲ್ಲಿ ಕಾಣುವ ಬೆಳಕಿನ ಬಳೆಗಳನ್ನು ನಾವು ಕೈಯಿಂದ ತಿರುಗಿಸಿ ತಿರುಗಿಸಿ ಕೂಡಿಸಬೇಕು. ರೋಗಿ ಕೆಮ್ಮಿದರೆ ಮತ್ತೆ ಮೊದಲಿಂದ.

ಸಂಶೋಧನೆಯ ಮುಖ್ಯಸ್ಥೆ ಡಾಕ್ಟರ್ ವಾಸಂತಿ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಗಮಂಗಲದ ಹತ್ತಿರದ ಒಬ್ಬ ರೈತ ಎರಡು ಸಲ ತಪಾಸಣೆಗೆ ಬರದೆ ತಪ್ಪಿಸಿಕೊಂಡ. ಚೆನ್ನಾಗಿರಬೇಕು ಮೇಡಂ, ಅದಕ್ಕೇ ಬಂದಿಲ್ಲ ಎಂದೆ. ಅವರು ತಲೆಯೆತ್ತದೆ, “ಬರದೇ ಇದ್ದವನ ಕಣ್ಣು ಚೆನ್ನಾಗಿದೆ ಅಂತ ಹೇಗೆ ಹೇಳ್ತೀರಿ? ಕೆಟ್ಟಿದೆ ಅಂತ ಹೇಗೆ ಹೇಳ್ತೀರಿ? ಹೋಗಿ ನೋಡ್ಕೊಂಡು ಬನ್ನಿ” ಎಂದರು. ಹೋದೆ. ಆತ ಹೊಲದಲ್ಲಿ ಬಗ್ಗಿಕೊಂಡಿದ್ದ. ನನ್ನನ್ನು ಕಂಡವನೇ, “ಕಣ್ಣು ಚೆಂದಾಗೇ ಅದೆ ಕಣಪ್ಪ. ಚೆಂದಾಗಿರೋ ಕಣ್ಣ ಎತ್ಕಂಡು ಆಸ್ಪತ್ರೆಗ್ಯಾಕೆ ಬರ್ಲಿ? ರಾಗಿ ಕುಯ್ಲು ಯಾರ್ ಮಾಡ್ತಾರೆ, ನೀನ್ ಮಾಡ್ತೀಯಾ?” ಎಂದ. ಅವನ ಬದುವಿನ ಮೇಲೆ ಬೋರ್ಡು ನಿಲ್ಲಿಸಿ ಓದಿಸಿಕೊಂಡು ಬಂದೆ. ಕೊನೆಯ ಸಾಲನ್ನೂ ಓದಿದ.

ಡಾಕ್ಟರಮ್ಮನ ಕೈಯೂ ಒಮ್ಮೆ ತಪ್ಪಿತು. ಬೆಳಗೊಳದ ಒಬ್ಬ ಬಸ್ ಕಂಡಕ್ಟರ್. ಕೂತಾಗ ಕಣ್ಣು ಇರುವ ದಿಕ್ಕು ಬೇರೆ, ಮಲಗಿಸಿದಾಗ ಅದು ಕೊಂಚ ಹೊರಳುತ್ತದೆ. ಅದಕ್ಕೇ ಗೀರಬೇಕಾದ ಕಡೆಗೆ ಕೂತಾಗಲೇ ಶಾಯಿಯಿಂದ ಗುರುತು ಹಾಕುತ್ತೇವೆ. ಅವತ್ತು ಆ ಗುರುತು ಮಲಗಿಸುವಷ್ಟರಲ್ಲಿ ಕಣ್ಣೀರಿಗೆ ಅಳಿಸಿತ್ತು, ಡಾಕ್ಟರಮ್ಮ ಅಂದಾಜಿನ ಮೇಲೆ ಗೀರಿದರು. ನೋಟ ಮೊದಲಿಗಿಂತ ಕೆಟ್ಟಿತು. ವಾರ್ಡಿನಲ್ಲಿ ಎಲ್ಲರ ಎದುರಿಗೆ ಆತನ ಮಂಚದ ಬಳಿ ನಿಂತು, “ತಪ್ಪು ನನ್ನದು. ಮತ್ತೆ ಹೊಲಿಗೆ ಹಾಕಿ ಸರಿ ಮಾಡ್ತೀನಿ, ಪೂರ್ತಿ ಸರಿ ಆಗುತ್ತೆ ಅಂತ ಮಾತ್ರ ಹೇಳಲಾರೆ” ಎಂದರು. ದೊಡ್ಡ ಡಾಕ್ಟರು ಹಾಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಂಡಕ್ಟರೂ ಕೇಳಿರಲಿಲ್ಲವೆಂದು ಕಾಣುತ್ತದೆ, ತಾನೇ ತಪ್ಪು ಮಾಡಿದವನಂತೆ ಕೈಮುಗಿದ.

ಜಯಮ್ಮ ನಮ್ಮಲ್ಲಿಗೆ ಬಂದದ್ದು ಇದಾದ ಮೇಲೆ.

ಆಕೆ ಅಕ್ಕಿಹೆಬ್ಬಾಳಿನವಳು. ಮೂವತ್ತರ ಆಸುಪಾಸು. ಗಂಡ ಚಂದ್ರೇಗೌಡ, ಹೇಮಾವತಿ ದಂಡೆಯಲ್ಲಿ ಕಬ್ಬು, ಭತ್ತ, ಮನೆಯಲ್ಲಿ ಹಸು. ಒಬ್ಬಳೇ ಮಗಳು ರೂಪ, ಶಾಲೆಗೆ ಹೋಗುತ್ತಿದ್ದಳು. ಜಯಮ್ಮನ ಎಡಗಣ್ಣು ಎಳೆತನದಲ್ಲಿ ದಡಾರ ಎದ್ದಾಗಲೇ ಹೋಗಿತ್ತು. ಇದ್ದ ಬಲಗಣ್ಣಿಗೆ ಕಬ್ಬಿನ ಸೋಗೆ ತಾಗಿ ಹುಣ್ಣಾಗಿ, ಗುಡ್ಡೆಯ ಮೇಲೆ ಬಿಳಿ ಕಟ್ಟಿತ್ತು. ಡಾಕ್ಟರಮ್ಮನೇ ಕಸಿ ಮಾಡಿದ್ದರು. ಕಸಿ ತಿಳಿಯಾಗಿ ನಿಂತಿತು, ಬಾಗು ಮಾತ್ರ ಕೆಟ್ಟಿತು. ಯಾವ ಕನ್ನಡಕಕ್ಕೂ ಒಗ್ಗಲಿಲ್ಲ. ಕಣ್ಣಿನ ಮೇಲೆ ಗಟ್ಟಿ ಲೆನ್ಸ್ ಹಾಕಿದರೆ ಹುಲ್ಲಿನ ಧೂಳಿಗೆ ಉರಿ.

ಜೊತೆಗೆ ಬರುತ್ತಿದ್ದವರು ಅತ್ತೆ ನಿಂಗಮ್ಮ. ಸಣಕಲು ಮೈ, ಜೋರು ಬಾಯಿ. ಅತ್ತೆ ಸೊಸೆ ಇಬ್ಬರೂ ಪ್ಯಾಸೆಂಜರ್ ರೈಲಿನಲ್ಲಿ ಬಂದು, ಆಸ್ಪತ್ರೆಯ ಜಗಲಿಯಲ್ಲಿ ಬುತ್ತಿ ಬಿಚ್ಚಿ ಉಂಡು, ಆಮೇಲೆ ನನ್ನ ಕೋಣೆಗೆ ಬರುತ್ತಿದ್ದರು.

“ಏನು ಕಾಣ್ತದೆ ಜಯಮ್ಮ?” ಎಂದು ನಾನು ಕೇಳುವುದು ರೂಢಿ.

“ಮೂರು ಚಂದ್ರ ಕಾಣ್ತವೆ ಮೇಷ್ಟ್ರೇ. ಉಣ್ಣಿಮೆಲಿ ಮನೆಗೊಂದು ಅಂಚ್ಬೋದು” ಎಂದು ನಗುತ್ತಿದ್ದಳು. ಒಂದು ಸಲ ನಗದೆ ಹೇಳಿದಳು. “ನಮ್ ರೂಪಂಗೆ ಬೈತಲೆ ತೆಗುದ್ರೆ ಆವು ಅರ್ದಾಡ್ದಂಗೆ ಆಯ್ತದೆ. ಇಸ್ಕೂಲ್ನಲ್ಲಿ ಐಕ್ಳು ನಗ್ತವಂತೆ. ಈಗ ಅವ್ಳು ನನ್ ತಾವ ತಲೆ ಕೊಡಾಕಿಲ್ಲ.”

ಗೀರುವ ಚಿಕಿತ್ಸೆಯ ಮಾತು ಬಂದಾಗ ಡಾಕ್ಟರಮ್ಮ ಅವರಿಬ್ಬರನ್ನೂ ಗಂಡನನ್ನೂ ಎದುರಿಗೆ ಕೂರಿಸಿಕೊಂಡರು. ನಾನೂ ಇದ್ದೆ.

“ಕಸಿ ಮಾಡಿದ ಕಣ್ಣು ಮೊದಲೇ ಸೂಕ್ಷ್ಮ. ಗೀರಿದ ಜಾಗ ಮತ್ತೆ ಮೊದಲಿನಷ್ಟು ಗಟ್ಟಿ ಆಗೋದಿಲ್ಲ. ಏಟು ಬಿದ್ರೆ ಅಪಾಯ. ನಿಮಗೆ ಇರೋದು ಇದೊಂದೇ ಕಣ್ಣು ಜಯಮ್ಮ. ಬೇಡ ಅಂದ್ರೆ ನನಗೇನೂ ಬೇಜಾರಿಲ್ಲ, ಈಗ ನೋಡ್ತಿರೋ ಹಾಗೇ ನೋಡ್ತೀನಿ.”

ನಿಂಗಮ್ಮ ಥಟ್ಟನೆ, “ಬ್ಯಾಡ ಬುಡವ್ವ. ಇರೋದೊಂದ್ನ ಕೆದಕ್ಬ್ಯಾಡಿ” ಎಂದರು.

“ಇದೂ ಒಂದು ಕಾಣೋದಾ ಅತ್ತೆ?” ಎಂದಳು ಜಯಮ್ಮ. “ನಿಮ್ ಮೊಕ ನೋಡುದ್ರೆ ಎರಡು ಬಾಯಿ ಇರಂಗೆ ಕಾಣ್ತದೆ.”

“ಒಂದು ಬಾಯ್ಗೇ ಈ ಊರು ಸಾಲ್ದು, ಇನ್ನು ಎರಡಾ!” ಎಂದರು ನಿಂಗಮ್ಮ. ಡಾಕ್ಟರಮ್ಮ ನಕ್ಕದ್ದನ್ನು ನಾನು ನೋಡಿದ ಅಪರೂಪದ ದಿನಗಳಲ್ಲಿ ಅದೊಂದು.

ಚಂದ್ರೇಗೌಡ ಹೆಂಡತಿಯ ಕಡೆ ನೋಡಿ, “ನಿಂಗೆ ಎಂಗ್ ತೋಚ್ತದೋ ಅಂಗ್ ಮಾಡು” ಎಂದ. ಆಕೆ ಒಪ್ಪಿಕೊಂಡಳು. “ಏಟು ಯಾರ್ ಒಡೀತಾರೆ ಬುಡಿ ಡಾಕ್ಟ್ರಮ್ಮ. ನಮ್ಮತ್ತೆ ಬಯ್ತಾರೆ ಅಷ್ಟೆಯ, ಕೈ ಎತ್ತಾಕಿಲ್ಲ.” ವರ್ಷ ತುಂಬುವವರೆಗೆ ಕರೆದಾಗಲೆಲ್ಲ ಬರಬೇಕು ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ, “ಬತ್ತೀನಿ” ಎಂದಳು.

ಚೀಟಿಯಲ್ಲಿ ಬರೀ ಗೀರುವುದು ಬಂತು. ಗುರುತು ಅಳಿಯದ ಹಾಗೆ ಡಾಕ್ಟರಮ್ಮ ಅವತ್ತು ತಾವೇ ಪಕ್ಕದಲ್ಲಿ ನಿಂತು ಹಾಕಿಸಿದರು. ಮರುದಿನ ಪಟ್ಟಿ ಬಿಚ್ಚಿದಾಗ ಜಯಮ್ಮ ಮೊದಲು ನೋಡಿದ್ದು ಅತ್ತೆಯ ಕಡೆಗೆ. “ಒಂದೇ ಬಾಯಿ ಕಣತ್ತೆ” ಎಂದಳು. ನಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, “ಬಾಯ್ ಮುಚ್ಕಂಡು ಮನೀಕೊ” ಎಂದು ಗದರಿದರು.

ಮುಂದಿನ ಸಲ ಬಂದಾಗ ರೂಪಳೂ ಜೊತೆಗಿದ್ದಳು. ನನಗೆ ತೋರಿಸಲೆಂದೇ ಕರೆತಂದಿದ್ದರು. ಆ ಮಗು ತಲೆ ತಗ್ಗಿಸಿ ನಿಂತಿತು. ಬೈತಲೆ ಹಣೆಯಿಂದ ನೆತ್ತಿಯವರೆಗೆ ನೂಲು ಹಿಡಿದ ಹಾಗಿತ್ತು. ಜಯಮ್ಮ ಕೆ.ಆರ್. ಪೇಟೆಯಲ್ಲಿ ಬಸ್ಸಿನ ಬೋರ್ಡನ್ನು ತಾನೇ ಓದಿ ಹತ್ತಿದ್ದಳಂತೆ. ಆಕೆಯ ಅಳತೆ ನಂಬಲಾಗದಷ್ಟು ಚೆನ್ನಾಗಿದ್ದದ್ದನ್ನು ನೋಡಿ ಡಾಕ್ಟರಮ್ಮ ಇನ್ನೊಮ್ಮೆ ಅಳೆಯಲು ಹೇಳಿದರು. ಮತ್ತೆ ಅಷ್ಟೇ ಬಂತು. ಎಚ್ಚರಿಕೆಗೆಂದು ನಂಬರಿಲ್ಲದ ದಪ್ಪ ಕನ್ನಡಕವೊಂದನ್ನು ಕೊಟ್ಟು, ಯಾವಾಗಲೂ ಹಾಕಿಕೊಂಡಿರಬೇಕು ಎಂದು ಒತ್ತಿ ಒತ್ತಿ ಹೇಳಿದರು. ಆಕೆ ಹಾಕಿಕೊಳ್ಳುತ್ತಲೂ ಇದ್ದಳು. ನಾನು ಊರಿಗೆ ಹೋದಾಗ ನೋಡಿದ್ದೇನೆ, ಕಳೆ ಕೀಳುವಾಗಲೂ ಮುಖದ ಮೇಲೆ ಇರುತ್ತಿತ್ತು. ಕೊಟ್ಟಿಗೆಯಲ್ಲಿ ಮಾತ್ರ ಬೆವರಿಗೆ ಗಾಜು ಮಂಜಾಗುತ್ತದೆ ಎಂದು ತೆಗೆದು ಗೂಟಕ್ಕೆ ಸಿಕ್ಕಿಸುತ್ತಿದ್ದಳಂತೆ. ಅದು ನಮಗೆ ಗೊತ್ತಾದದ್ದು ಆಮೇಲೆ.

ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ. ಬೆಳಗ್ಗೆ ಹೊರರೋಗಿಗಳ ಸಾಲು ಆಗಷ್ಟೇ ಶುರುವಾಗುತ್ತಿತ್ತು. ಗೇಟಿನ ಬಳಿ ಒಂದು ಟೆಂಪೋ ಬಂದು ನಿಂತಿತು. ಚಂದ್ರೇಗೌಡ ಹೆಂಡತಿಯನ್ನು ಎತ್ತಿಕೊಂಡೇ ಇಳಿದ. ಆಕೆಯ ಕಣ್ಣಿನ ಮೇಲೆ ನಿಂಗಮ್ಮನ ಸೆರಗಿನ ತುಂಡು. ಹಿಂದೆ ನಿಂಗಮ್ಮ, ಹರಿದ ಸೆರಗನ್ನು ಹೆಗಲಿಗೆ ಎಳೆದುಕೊಳ್ಳುತ್ತಾ.

ಆಗಿದ್ದು ಇಷ್ಟು. ಹಾಲು ಕರೆಯುವ ಮೊದಲು ಕರು ಬಿಚ್ಚಲು ಜಯಮ್ಮ ಬಗ್ಗಿದ್ದಳು. ಹಸು ನೊಣ ಓಡಿಸಲು ತಲೆ ಒದರಿತು. ಕೊಂಬು ತಿವಿಯಲಿಲ್ಲ. ಅದರ ಬುಡ ಕಣ್ಣಿಗೆ ತಾಗಿತು, ಅಷ್ಟೇ. ನಿಮಗೋ ನನಗೋ ಆಗಿದ್ದರೆ ಕಣ್ಣು ಊದಿ, ಎರಡು ದಿನ ಅರಿಶಿನ ಹಚ್ಚಿಕೊಂಡು ಓಡಾಡುತ್ತಿದ್ದೆವು.

ಡಾಕ್ಟರಮ್ಮ ಬಹಳ ಹೊತ್ತು ಒಳಗಿದ್ದರು. ಹೊರಗೆ ಬಂದಾಗ ಕೈಗವಸು ಬಿಚ್ಚುವುದನ್ನೂ ಮರೆತಿದ್ದರು. “ಒಳಗಿದ್ದದ್ದೆಲ್ಲ ಹೊರಗೆ ಬಂದುಬಿಟ್ಟಿದೆ ಮೇಷ್ಟ್ರೇ. ಹೊಲಿದು ಮುಚ್ಚಿದೀನಿ. ನೋಟ ಬರೋದಿಲ್ಲ” ಎಂದರು. ಅವರೂ ನನ್ನನ್ನು ಮೇಷ್ಟ್ರೇ ಎಂದು ಕರೆದದ್ದು ಅದೇ ಮೊದಲು.

ಮನೆಯವರಿಗೆ ಹೇಳುವ ಕೆಲಸವನ್ನು ಕಿರಿಯ ಡಾಕ್ಟರಿಗೆ ಬಿಡಬಹುದಿತ್ತು. ಬಿಡಲಿಲ್ಲ. ಜಗಲಿಗೆ ತಾವೇ ಹೋದರು. ಚಂದ್ರೇಗೌಡ ಕೇಳಿಸಿಕೊಂಡು ಗೋಡೆಗೆ ಒರಗಿ ಕುಳಿತುಬಿಟ್ಟ. ನಿಂಗಮ್ಮ ಎದ್ದು ನಿಂತರು.

“ಬ್ಯಾಡ ಅಂದ್ನಲ್ಲವ್ವ. ಬ್ಯಾಡ ಅಂದ್ನಲ್ಲ. ಮೂರಾದ್ರೂ ಕಾಣ್ತಿದ್ವಲ್ಲ ಅವ್ಳಿಗೆ. ಮೂರು ಚಂದ್ರನ್ನೂ ಕಿತ್ಕಂಡ್ಬುಟ್ರಲ್ಲ ನೀವು.”

ಡಾಕ್ಟರಮ್ಮ ನಿಂತೇ ಇದ್ದರು. ಯಾರೋ ನರ್ಸ್ ನಿಂಗಮ್ಮನನ್ನು ಸಮಾಧಾನ ಮಾಡಲು ಹೋದಾಗ, ಬೇಡ, ಅವರು ಮಾತಾಡಲಿ ಎಂದು ಕೈಸನ್ನೆ ಮಾಡಿದರು.

ಮರುದಿನ ಜಯಮ್ಮನಿಗೆ ಎಚ್ಚರವಾಗಿ ವಿಷಯ ತಿಳಿದ ಮೇಲೆ ಆಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿ ಬಹಳ ಹೊತ್ತು ಮಲಗಿದ್ದಳು. ಆಮೇಲೆ ಗಂಡನನ್ನು ಕರೆದಳು. “ಅಸೂಗೆ ಒಡುದ್ರಾ?” ಎಂದು ಕೇಳಿದಳು. ಅವನು ತಲೆ ತಗ್ಗಿಸಿದ. “ಒಡೀಬ್ಯಾಡಿ. ಮಾರ್ಲೂಬ್ಯಾಡಿ. ಅದ್ಕೇನ್ ಗೊತ್ತು?” ಎಂದಳು. ನಾನು ಆ ಕೋಣೆಯಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಕೆಲವು ವಾರಗಳ ನಂತರ ಸಂಶೋಧನೆಯ ಸಭೆ. ಬೇರೆ ಊರಿನಿಂದ ಬಂದಿದ್ದ ಒಬ್ಬ ಹಿರಿಯ ಪ್ರೊಫೆಸರ್ ಅಧ್ಯಕ್ಷರು. ಕೆಟ್ಟ ಮನುಷ್ಯರಲ್ಲ. “ಇದು ಹಸು ಮಾಡಿದ ಗಾಯ ಅಮ್ಮಾ, ಶಸ್ತ್ರಚಿಕಿತ್ಸೆಯ ಫಲ ಅಲ್ಲ. ಕಸಿ ಮಾಡಿದ ಕಣ್ಣು ಗೀರದೆ ಇದ್ದರೂ ಒಡೀಬಹುದಿತ್ತು. ಇದನ್ನ ಲೆಕ್ಕದಿಂದ ತೆಗೆದುಬಿಡಿ, ಉಳಿದ ಫಲಿತಾಂಶ ಬಹಳ ಚೆನ್ನಾಗಿದೆ” ಎಂದರು.

“ಒಡೀಬಹುದಿತ್ತೋ ಏನೋ ಸರ್” ಎಂದರು ಡಾಕ್ಟರಮ್ಮ. “ಒಡೆದದ್ದು ಮಾತ್ರ ನಾನು ಗೀರಿದ ಜಾಗದಲ್ಲೇ. ನಮ್ಮ ರೋಗಿಗಳೆಲ್ಲ ಹಸು ಕಟ್ಟಿರೋರು, ಸೌದೆ ಒಡೆಯೋರು, ಕಲ್ಲು ಒಡೆಯೋರು. ಅವರ ಬದುಕೇ ಹಾಗಿದ್ದ ಮೇಲೆ, ಅವರ ಕಣ್ಣಿಗೆ ಬೀಳೋ ಏಟೂ ನನ್ನ ಲೆಕ್ಕಕ್ಕೆ ಸೇರಿದ್ದೇ.”

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಜಯಮ್ಮನ ಕಣ್ಣು ಲೆಕ್ಕದಲ್ಲೇ ಉಳಿಯಿತು. ಡಾಕ್ಟರಮ್ಮ ಅಂದೇ ಹೊಸ ರೋಗಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಅವರ ಸಂಶೋಧನೆ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಮುಗಿಯಿತು. ಅದರ ವರದಿಯನ್ನು ಓದಿದವರೂ ಕಡಿಮೆ ಇರಬೇಕು.

ನನಗೆ ಹೊಸ ಕೆಲಸ ಬಂತು. ಅದುವರೆಗೆ ಗೀರಿಸಿಕೊಂಡಿದ್ದ ಒಬ್ಬೊಬ್ಬರ ಮನೆಗೂ ಹೋಗಿ, ಪಟ್ಟಿ ಕಟ್ಟಿದ ರಕ್ಷಣೆಯ ಕನ್ನಡಕ ಕೊಟ್ಟು, ಜಯಮ್ಮನಿಗೆ ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ ಬರಬೇಕು. ಇಷ್ಟು ವರ್ಷದ ಕೆಲಸದಲ್ಲಿ ಅದಕ್ಕಿಂತ ಕಷ್ಟದ ತಿರುಗಾಟ ಮಾಡಿಲ್ಲ. ನೋಟ ಬಂದ ಖುಷಿಯಲ್ಲಿ ಇದ್ದವರು ಅವರು. ನನ್ನನ್ನು ಕಂಡರೆ ಕಾಫಿ ಕಾಯಿಸಲು ಓಡುತ್ತಿದ್ದವರು. ಅಂಥವರ ಎದುರು ಕುಳಿತು ನಿಮ್ಮ ಕಣ್ಣು ಒಡೆಯಬಹುದು ಎನ್ನಬೇಕು. ಚಿನಕುರಳಿಯಲ್ಲಿ ಒಬ್ಬ ಕಲ್ಲು ಒಡೆಯುವವನಿದ್ದ. ಕೇಳಿಸಿಕೊಂಡು ನಕ್ಕ. “ಕಲ್ ಒಡ್ಯೋನ್ಗೆ ಏಟ್ ಬೀಳ್ದಂಗೆ ಇರು ಅನ್ನೋದು, ಮೀನ್ಗೆ ನೀರ್ ಮುಟ್ಬ್ಯಾಡ ಅಂದಂಗೆ ಆಯ್ತಲ್ಲ ಮೇಷ್ಟ್ರೇ” ಎಂದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನಗಲಿಲ್ಲ. ಬಂದು ಕನ್ನಡಕ ತೆಗೆದುಕೊಂಡು, “ಆವಮ್ಮಂಗೆ ಐಕ್ಳು ಎಷ್ಟು?” ಎಂದು ಕೇಳಿದಳು. ಒಂದು ಎಂದೆ. ಗಂಡನ ತಲೆಯ ಹಿಂದಕ್ಕೆ ಪಟ್ಟಿಯನ್ನು ತಾನೇ ಬಿಗಿದಳು. ಅವನ ನಗು ಅಲ್ಲಿಗೆ ನಿಂತಿತು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈಗ ಪೊರೆ ತೆಗೆದು ಒಳಗೆ ಇಡುವ ಲೆನ್ಸಿನಲ್ಲೇ ಬಾಗನ್ನು ಸರಿಮಾಡುವ ನಂಬರು ಸೇರಿರುತ್ತದೆ. ಹೊಲಿಗೆಯೇ ಇಲ್ಲ. ನಾವು ಗೀರಿದ ಕಣ್ಣುಗಳಲ್ಲಿ ಎಷ್ಟೋ ಕಣ್ಣುಗಳಿಗೆ ಇಂದಾಗಿದ್ದರೆ ಚಾಕುವೇ ಬೇಕಾಗುತ್ತಿರಲಿಲ್ಲ. ಒಂದು ಚಿಕಿತ್ಸೆ ಹಳತಾಗಿ ಇನ್ನೊಂದು ಬರುವ ನಡುವೆ ಕೆಲವರು ಸಿಕ್ಕಿಕೊಳ್ಳುತ್ತಾರೆ. ನೀವು ಇವತ್ತು ಅಳೆಯುತ್ತಿರುವವರಲ್ಲೂ ಅಂಥವರು ಇರುತ್ತಾರೆ. ಅವರು ಯಾರೆಂದು ಇವತ್ತು ನಿಮಗೆ ತಿಳಿಯುವುದಿಲ್ಲ. ಎಲ್ಲರ ಮನೆಯ ದಾರಿಯನ್ನೂ ತಿಳಿದುಕೊಂಡಿರಿ.

ಜಯಮ್ಮನ ವರ್ಷದ ತಪಾಸಣೆಯ ದಿನ ಹತ್ತಿರ ಬಂತು. ಡಾಕ್ಟರಮ್ಮ ನನ್ನನ್ನು ಕರೆದು, “ಅವರನ್ನ ಕರೀಬೇಡಿ. ಪಾಪ, ಅಷ್ಟು ದೂರದಿಂದ. ಇನ್ನೇನು ನೋಡೋದಿದೆ?” ಎಂದರು. ನನಗೂ ಹೋಗುವ ಧೈರ್ಯವಿರಲಿಲ್ಲ.

ಆದರೆ ಆ ದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂಗಮ್ಮನ ದನಿ ಕೇಳಿಸಿತು. “ಹೊಸ್ಲು ಅದೆ, ಕಾಲ್ ಎತ್ತು.” ಹಿಂದೆ ಜಯಮ್ಮ, ಅತ್ತೆಯ ಭುಜದ ಮೇಲೆ ಕೈಯಿಟ್ಟುಕೊಂಡು. ಸೊರಗಿದ್ದಳು. ತಲೆ ಒಪ್ಪವಾಗಿ ಬಾಚಿತ್ತು, ನಿಂಗಮ್ಮನೇ ಬಾಚಿರಬೇಕು.

“ಯಾಕೆ ಬರೋಕೆ ಹೋದ್ರಿ ಜಯಮ್ಮ? ನಾವು ಕರೆದಿರಲಿಲ್ಲವಲ್ಲ” ಎಂದೆ.

“ಬತ್ತೀನಿ ಅಂತ ಒಪ್ಕಂಡಿದ್ನಲ್ಲ ಮೇಷ್ಟ್ರೇ.”

ಕುರ್ಚಿಯ ಮೇಲೆ ಕೂರಿಸಿದೆ. ಆಕೆ ಅಭ್ಯಾಸಬಲದಿಂದ ಮುಂದಕ್ಕೆ ಬಾಗಿ ಗದ್ದವನ್ನು ಪಟ್ಟಿಯ ಮೇಲೆ ಇಟ್ಟಳು. ದೀಪ ಹಾಕಿ ನೋಡಿದೆ. ಬೆಳಕಿನ ಬಳೆಗಳು ಮೂಡಲಿಲ್ಲ. ಕಣ್ಣು ಕುಗ್ಗಿ ಬೆಳ್ಳಗಾಗಿತ್ತು.

“ಅಸ ಎಂಗದೆ?” ಎಂದು ಅವಳ ಮಾತಿನಲ್ಲೇ ಕೇಳಿದೆ, ಏನಾದರೂ ಮಾತಾಡಬೇಕಲ್ಲ ಎಂದು.

ಅವಳ ಮುಖ ಅರಳಿತು. “ಮೊನ್ನೆ ಈದದೆ ಮೇಷ್ಟ್ರೇ. ಎಣ್ಗರು. ನಾನೇ ಕರೀತೀನಿ. ಮೊದ್ಲು ಇವ್ರು ಬುಡ್ತಿರ್ನಿಲ್ಲ. ಆಲು ಕರ್ಯಾಕೆ ಕಣ್ಣ್ಯಾಕೆ, ಕೈಬೆಳ್ಳು ಸಾಕು.”

ಅಷ್ಟರಲ್ಲಿ ಯಾರೋ ಹೇಳಿರಬೇಕು, ಡಾಕ್ಟರಮ್ಮ ಬಂದರು. ಬಾಗಿಲಲ್ಲೇ ನಿಂತರು. ನಿಂಗಮ್ಮ ಅವರನ್ನು ನೋಡಿದರು. ಜಗಲಿಯಲ್ಲಿ ಅವತ್ತು ಆಡಿದ ಮಾತಿನ ನಂತರ ಇಬ್ಬರೂ ಎದುರುಬದುರಾದದ್ದು ಅದೇ ಮೊದಲು. ನಿಂಗಮ್ಮ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ಸೊಸೆಯ ಕೈಗೆ ಕೊಟ್ಟರು.

“ಡಾಕ್ಟ್ರಮ್ಮ ಬಂದವ್ರೆ. ಕೊಡು.”

ಜಯಮ್ಮ ಡಬ್ಬಿಯನ್ನು ಹಿಡಿದ ಕೈಯನ್ನು ಚಾಚಿದಳು, ಸ್ವಲ್ಪ ಬೇರೆ ದಿಕ್ಕಿಗೆ. “ಗಿಣ್ಣು ಡಾಕ್ಟ್ರಮ್ಮ. ನಾನೇ ಕಾಸಿದ್ದು. ಬೆಲ್ಲ ಏಲಕ್ಕಿ ಆಕಿದೀನಿ. ಒಂದ್ ತುಂಡು ತಿನ್ನಿ.”

ಡಾಕ್ಟರಮ್ಮ ಆ ಕೈ ಇದ್ದ ಕಡೆಗೆ ತಾವೇ ಸರಿದು ನಿಂತು ಡಬ್ಬಿ ತೆಗೆದುಕೊಂಡರು. ಒಂದು ತುಂಡು ಬಾಯಿಗೆ ಹಾಕಿಕೊಂಡರು. ಕಣ್ಣಿಂದ ನೀರು ಇಳಿದು ಗಲ್ಲದವರೆಗೆ ಬಂತು, ಒರೆಸಿಕೊಳ್ಳಲೂ ಇಲ್ಲ. ಬಾಯಲ್ಲಿ ಗಿಣ್ಣು ಇಟ್ಟುಕೊಂಡು ಹಾಗೇ ನಿಂತಿದ್ದರು.

ಜಯಮ್ಮ ಕಾದಳು. ಆಕೆ ಅತ್ತೆಯ ಕಡೆಗೆ ತಿರುಗಿ ಮೆಲ್ಲಗೆ ಕೇಳಿದಳು, “ಯಾಕತ್ತೆ, ಏನೂ ಅನ್ತಾ ಇಲ್ಲ? ಸಿಹಿ ಸಾಲ್ದಾ?”

ನಿಂಗಮ್ಮ ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದರು.

“ಬೇಕಾದಷ್ಟದೆ ಕಣವ್ವ” ಎಂದರು. “ತಿಂತಾವ್ರೆ. ಸುಮ್ಕಿರು, ತಿನ್ಲಿ.”